ಕೈ ನಡುಗಿದರೆ ನಿಲ್ಲುವ ಗ್ರೈಂಡರ್

ಜತ್ತ

ವಿದೇಶಕ್ಕೆ ಹೋಗಿ ಬಂದವರು ಹಿಮದ ಬಗ್ಗೆ ಬರೆಯುತ್ತಾರೆ, ಚರ್ಚಿನ ಗೋಪುರದ ಬಗ್ಗೆ ಬರೆಯುತ್ತಾರೆ, ಅಲ್ಲಿನ ರಸ್ತೆಯ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು ಎಂದು ಬರೆಯುತ್ತಾರೆ. ಮನೆಯಲ್ಲಿ ತಾಟು ಇರುವವರಿಗೆ ರಸ್ತೆಯ ಮೇಲೆ ಉಣ್ಣುವ ಆಸೆ ಯಾಕೋ ನನಗೆ ತಿಳಿಯದು. ನಾನು ಜರ್ಮನಿಗೆ ಹೋಗಿ ನೋಡಿದ್ದು ಗ್ರೈಂಡರ್. ಹಿಟ್ಟು ರುಬ್ಬುವುದಲ್ಲ, ಕಬ್ಬಿಣ ಕೊಯ್ಯುವುದು. ಕೈಯಲ್ಲಿ ಹಿಡಿಯುತ್ತೇವಲ್ಲ, ಕಿಡಿ ಹಾರಿಸುತ್ತ ಚಕ್ರ ತಿರುಗುತ್ತದಲ್ಲ, ಅದು. ಜತ್ತದಲ್ಲಿ ದಿನ ಬೆಳಗಾದರೆ ನೋಡುವ ವಸ್ತುವನ್ನು ನೋಡಲು ಏಳು ಸಮುದ್ರ ದಾಟಿ ಹೋದ ಭಾಗ್ಯವಂತ ನಾನು.

ಹೋದದ್ದು ಹೀಗೆ. ಜತ್ತದ ಬಸ್ ನಿಲ್ದಾಣದ ಹಿಂದೆ ದಸ್ತಗೀರ ಚಾಚಾನ ಫ್ಯಾಬ್ರಿಕೇಶನ್ ಅಂಗಡಿ ಇದೆ. ಗೇಟು, ಕಿಟಕಿಯ ಜಾಳಿಗೆ, ಟ್ರ್ಯಾಕ್ಟರಿನ ಟ್ರಾಲಿ ಮಾಡುತ್ತಾರೆ. ನಾನು ಬಿಳೂರಿನವನು, ಸಿದ್ದಪ್ಪ. ಚಾಚಾನ ಕೈಯಲ್ಲೇ ಕೆಲಸ ಕಲಿತೆ. ಈಗ ಅದೇ ಅಂಗಡಿಯ ಮುಂದಿನ ಕೋಣೆಯಲ್ಲಿ ಗ್ರೈಂಡರು, ಡ್ರಿಲ್ಲು ಮಾರುತ್ತೇನೆ, ಕೆಟ್ಟು ಬಂದರೆ ರಿಪೇರಿ ಮಾಡುತ್ತೇನೆ, ಕೆಲಸ ಹೆಚ್ಚಿದ್ದಾಗ ಹಿಂದೆ ಹೋಗಿ ಕಬ್ಬಿಣವನ್ನೂ ಕೊಯ್ಯುತ್ತೇನೆ. ಬೇರೆ ಕಂಪನಿಗಳು ಚೆನ್ನಾಗಿ ಮಾರಿದ ಅಂಗಡಿಯವರನ್ನು ಬ್ಯಾಂಕಾಕಿಗೆ ಕರೆದೊಯ್ಯುತ್ತವೆ. ಹೋಗಿ ಬಂದವರು ಮೊಬೈಲಿನಲ್ಲಿ ಫೋಟೋ ತೋರಿಸುವಾಗ ಕೆಲವನ್ನು ಲಗುಬಗೆಯಿಂದ ಸರಿಸಿಬಿಡುತ್ತಾರೆ. ನಾನು ಯಾರ ಮಾಲು ಮಾರುತ್ತೇನೋ ಆ ಕಂಪನಿಗೆ ಮಾತ್ರ ನಮ್ಮ ಉದ್ಧಾರದ ಚಿಂತೆ. ಅದು ನಮ್ಮನ್ನು ಜರ್ಮನಿಯ ಒಂದು ಸಣ್ಣ ಊರಿನಲ್ಲಿರುವ ತನ್ನ ಕಾರ್ಖಾನೆಗೆ ಒಯ್ದು, ಗ್ರೈಂಡರ್ ಹಿಡಿದೂ ಕೈ ಉಳಿಸಿಕೊಳ್ಳುವುದು ಹೇಗೆ ಎಂದು ಕಲಿಸುತ್ತದಂತೆ.

ಸುರಕ್ಷತೆಯ ವಿಷಯದಲ್ಲಿ ನಮ್ಮ ಅಂಗಡಿಗೆ ಯಾರೂ ಏನೂ ಕಲಿಸುವ ಅಗತ್ಯವಿಲ್ಲ. ಹೊಸ ಗ್ರೈಂಡರಿನ ಪೆಟ್ಟಿಗೆ ಒಡೆದ ಕೂಡಲೇ ನಾವು ಮಾಡುವ ಮೊದಲ ಕೆಲಸ ಚಕ್ರದ ಮೇಲಿನ ತಗಡಿನ ಕವಚ ಬಿಚ್ಚಿ ಎಸೆಯುವುದು. ಎಸೆಯುವುದೆಂದರೆ ದಂಡ ಮಾಡುತ್ತೇವೆಂದಲ್ಲ. ಅಂಗಡಿಯ ಮಾಡಿಗೆ ಹೊದಿಸಿದ ಪತ್ರಾಸು ಗಾಳಿಗೆ ಹಾರದಿರಲಿ ಎಂದು ಅವನ್ನೆಲ್ಲ ಮೇಲೆ ಭಾರಕ್ಕೆ ಇಟ್ಟಿದ್ದೇವೆ. ಕಣ್ಣಿಗೆ ಜಾತ್ರೆಯಲ್ಲಿ ಕೊಂಡ ಕರಿ ಚಷ್ಮಾ, ಬಾಯಿಗೆ ಟವೆಲು. ಯಂತ್ರ ಹಿಡಿಯುವ ಮೊದಲು ಅದನ್ನು ಒಮ್ಮೆ ಹಣೆಗೆ ಹಚ್ಚಿಕೊಳ್ಳುತ್ತೇವೆ. ಚಾಚಾ ಬಿಸ್ಮಿಲ್ಲಾ ಅನ್ನುತ್ತಾನೆ, ನಾನು ಗುಡ್ಡಾಪುರದ ದಾನಮ್ಮನನ್ನು ನೆನೆಯುತ್ತೇನೆ. ಆ ಇಬ್ಬರು ದೇವರೂ ಕೂಡಿ ಕಾಯಬೇಕಾದದ್ದು ಇಪ್ಪತ್ತು ಬೆರಳು, ಅವರಿಗೇನು ಭಾರವಲ್ಲ.

ಆದರೆ ಈಚೆಗೆ ಚಾಚಾನ ಕೈ ನಡುಗತೊಡಗಿತ್ತು. ಮೊದಲು ಚಹಾದ ಬಟ್ಟಲು ತುಳುಕಿತು. ಅಂಗಡಿಯವರು ಏನು ಮಾಡಿದೆವು? ಎಲ್ಲರಿಗೂ ಅರ್ಧರ್ಧ ಬಟ್ಟಲು ಚಹಾ ತರಿಸಲು ಶುರು ಮಾಡಿದೆವು. ಚಾಚಾಗೆ ಮಾತ್ರ ಅರ್ಧ ಕೊಟ್ಟರೆ ಅವನಿಗೆ ತಿಳಿಯುತ್ತದಲ್ಲ. ಆಮೇಲೆ ನಡುಕ ಗ್ರೈಂಡರಿಗೆ ಬಂತು. ತಿರುಗುವ ಚಕ್ರ ಕಬ್ಬಿಣದಲ್ಲಿ ಓರೆಯಾಗಿ ಸಿಕ್ಕಿಕೊಂಡರೆ ಯಂತ್ರ ಒದ್ದು ಹಿಂದಕ್ಕೆ ಬರುತ್ತದೆ, ಬಂದು ಎಲ್ಲಿ ಕೂಡುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಚಾಚಾ ಕೊಯ್ಯಲು ಕುಳಿತರೆ ನಾನು ಕೆಲಸ ಬಿಟ್ಟು ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕೈ ಜೋರಾಗಿ ನಡುಗಿತೋ, ಮೇನ್ ಸ್ವಿಚ್ ಕೆಳಗೆ.

"ಲೈಟ್ ಹೋತ್ರಿ ಚಾಚಾ," ಅನ್ನುತ್ತಿದ್ದೆ.

ನಮ್ಮ ಕಡೆ ಲೈಟು ಹೋಗುವುದಕ್ಕೆ ಕಾರಣ ಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಚಾಚಾ ವಿದ್ಯುತ್ ಮಂಡಳಿಯನ್ನು ಅದರ ಮೂರು ತಲೆಮಾರಿನ ಸಮೇತ ಬೈದು, ಬೀಡಿ ಸೇದಲು ಹೊರಗೆ ಹೋಗುತ್ತಿದ್ದ. ಅಷ್ಟರಲ್ಲಿ ಸ್ವಿಚ್ ಮೇಲೆತ್ತಿ, ಲೈಟು ಬಂತೆಂದು ಕೂಗಿ, ನಾವು ಯಾರಾದರೂ ಆ ಕೊಯ್ತ ಮುಗಿಸಿಬಿಡುತ್ತಿದ್ದೆವು. ಮಾಡದ ತಪ್ಪಿಗೆ ಬೈಸಿಕೊಂಡ ಆ ಮಂಡಳಿಯ ಬಗ್ಗೆ ಜತ್ತದಲ್ಲಿ ಕನಿಕರಪಟ್ಟವನು ನಾನೊಬ್ಬನೇ ಇರಬೇಕು.

ಕೆಲಸ ಕಲಿಸಿದ ಉಸ್ತಾದನಿಗೆ "ನೀವು ಇನ್ನ ಸಾಕ ಮಾಡ್ರಿ" ಎಂದು ಹೇಳುವ ಗಂಡಸು ನಮ್ಮಲ್ಲಿ ಇರಲಿಲ್ಲ. ಹೊರಡುವ ದಿನ ಚಾಚಾ ನನ್ನ ಬೆನ್ನ ಮೇಲೆ ಕೈ ಇಟ್ಟು ಹೇಳಿದ:

"ಸಿದ್ದೂ, ಕೈ ಉಳಸೂವಂಥಾ ಮಶೀನ ಸಿಕ್ಕರ ಒಂದ ತಗೊಂಡ ಬಾ. ನಾನೂ ಇನ್ನ ನಾಕ ವರ್ಸ ನೆಟ್ಟಗ ಕೆಲಸ ಮಾಡತೀನಿ."

ಬೆನ್ನ ಮೇಲಿದ್ದ ಕೈ ನಡುಗುತ್ತಿತ್ತು. ನಾನು "ಆಗ್ಲಿರಿ" ಅಂದೆ.

ಫ್ರಾಂಕ್‌ಫರ್ಟ್

ಜೊತೆಗೆ ವಿಜಯಪುರದ ಗುರುಪಾದಣ್ಣ ಇದ್ದ. ಅವನೂ ನನ್ನಂತೆ ಗ್ರೈಂಡರ್ ಮಾರುವವನೇ, ಆದರೆ ಕಾಲೇಜು ಮೆಟ್ಟಿಲು ಹತ್ತಿದವನು. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಊರಿನವನಾದ ನಾನು ಓದಿದ್ದು ಕನ್ನಡ ಸಾಲಿ, ಸರಕಾರಿ ಕೆಲಸವೆಲ್ಲ ಮರಾಠಿಯಲ್ಲಿ, ವ್ಯಾಪಾರ ಎರಡರಲ್ಲೂ. ಇಂಗ್ಲಿಷಿಗೆ ತಲೆಯಲ್ಲಿ ಜಾಗ ಉಳಿಯಲಿಲ್ಲ. ಆದ್ದರಿಂದ ಇಡೀ ಜರ್ಮನಿ ನನಗೆ ಗುರುಪಾದಣ್ಣನ ಬಾಯಿಂದಲೇ ತಿಳಿದದ್ದು. ಅದರಲ್ಲಿ ತಪ್ಪಿದ್ದರೆ ಅವನನ್ನು ಕೇಳಿರಿ.

ವಿಮಾನ ಇಳಿದರೆ ಬೆರಳಿನ ಗುರುತು ಕೇಳಿದರು. ಗಾಜಿನ ಮೇಲೆ ಬೆರಳು ಇಟ್ಟೆ. ಯಂತ್ರ ಕೆಂಪಾಯಿತು. ಒರೆಸಿ ಇಟ್ಟೆ. ಮತ್ತೆ ಕೆಂಪು. ಕಬ್ಬಿಣ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳು ಎಂದೋ ಸವೆದು ಹೋಗಿವೆ. ಊರಿನ ರೇಷನ್ ಅಂಗಡಿಯ ಯಂತ್ರವೂ ನನ್ನನ್ನು ನಂಬುವುದಿಲ್ಲ, ಅಲ್ಲಿ ನನ್ನ ಹೆಂಡತಿ ಬಂದು ತನ್ನ ಹೆಬ್ಬೆರಳು ಒತ್ತಿ ನನ್ನ ಮಾನ ಉಳಿಸುತ್ತಾಳೆ. ಇಲ್ಲಿ ಹೆಂಡತಿ ಇರಲಿಲ್ಲ. ಅಧಿಕಾರಿ ನನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ, ಜ್ಯೋತಿಷಿ ನೋಡಿದ ಹಾಗೆ. ನನಗೆ ವಿದೇಶ ಯೋಗ ಇದೆಯೋ ಇಲ್ಲವೋ ಅಂತಿರಬೇಕು.

"ಕೈಲೆ ಏನ ಮಾಡತಾನ ಅಂತ ಕೇಳಾಕತ್ತಾನ," ಎಂದ ಗುರುಪಾದಣ್ಣ.

"ಕೈಲೆ ದುಡೀತಾನ ಅಂತ ಹೇಳು."

ಅವನು ಏನು ಹೇಳಿದನೋ. ಅಧಿಕಾರಿ ಒದ್ದೆ ಕಾಗದ ಕೊಟ್ಟು ಒರೆಸಿಕೊಳ್ಳಲು ಹೇಳಿ, ಮತ್ತೆ ಮತ್ತೆ ಒತ್ತಿಸಿ, ಕೊನೆಗೆ ಕಿರುಬೆರಳಿನಲ್ಲಿ ಎಲ್ಲೋ ಉಳಿದಿದ್ದ ಒಂದು ತುಣುಕು ಗೆರೆ ಹಿಡಿದು ನನ್ನನ್ನು ಒಳಗೆ ಬಿಟ್ಟ. ಹಿಂದಿನ ಸಾಲಿನಲ್ಲಿದ್ದವರು ನಾನು ದೊಡ್ಡ ಕಳ್ಳನೇ ಇರಬೇಕೆಂದು ದೂರ ಸರಿದು ನಿಂತಿದ್ದರು.

ಹೋಟೆಲು

ಜರ್ಮನಿಯಲ್ಲಿ ಸುಮ್ಮನೆ ಕೂಡುವಂತಿಲ್ಲ. ಹೋಟೆಲಿನ ಪಾಯಿಖಾನೆಯಲ್ಲಿ ಸ್ವಿಚ್ ಇಲ್ಲ. ನೀವು ಒಳಗೆ ಹೋದರೆ ದೀಪ ತಾನೇ ಹತ್ತುತ್ತದೆ, ನೀವು ಅಲ್ಲಾಡದೆ ಕೂತರೆ ತಾನೇ ಆರುತ್ತದೆ. ಅಂಥ ಜಾಗದಲ್ಲಿ ಮನುಷ್ಯ ಅಲ್ಲಾಡದೆ ಕೂಡುವುದು ಸಹಜ ಎಂದು ಇದನ್ನು ಮಾಡಿದ ಪುಣ್ಯಾತ್ಮನಿಗೆ ಹೊಳೆದಿಲ್ಲ. ಕತ್ತಲಲ್ಲಿ ಎರಡೂ ಕೈ ಎತ್ತಿ ಬೀಸಿದರೆ ಮತ್ತೆ ಬೆಳಕು. ಭಜನೆಗೆ ಕೂತವರ ಹಾಗೆ ಕೈ ಬೀಸುತ್ತಲೇ ಕೆಲಸ ಮುಗಿಸಿದೆ. ನಲ್ಲಿಯ ಕೆಳಗೆ ಕೈ ಒಡ್ಡಿದರೆ ನೀರು, ಆದರೆ ಗುರುಪಾದಣ್ಣನ ಕೈಗೆ ಬಂದ ನೀರು ನನ್ನ ಕೈಗೆ ಬರಲೊಲ್ಲದು. ಬೆರಳಿನ ಗೆರೆ ಇಲ್ಲ ಎಂದು ಇಲ್ಲಿಗೂ ಸುದ್ದಿ ಮುಟ್ಟಿತೇನೋ ಅಂದುಕೊಂಡೆ.

ಇಲ್ಲಿ ಎಲ್ಲವೂ ಮನುಷ್ಯ ಅಲುಗಾಡುವುದನ್ನೇ ಕಾಯುತ್ತ ಕೂತಿರುತ್ತವೆ. ನಮ್ಮೂರಲ್ಲಾದರೆ ಅಲುಗಾಡದೆ ಕಟ್ಟೆಯ ಮೇಲೆ ಕೂತವನೇ ಊರಿನ ಹಿರಿಯ. ಈ ದೇಶದಲ್ಲಿ ನಮ್ಮ ಹಿರಿಯರನ್ನೆಲ್ಲ ತಂದು ಕೂರಿಸಿದರೆ ಇಡೀ ಊರು ಕತ್ತಲಾದೀತು.

ಬೆಳಗಿನ ಉಪಾಹಾರಕ್ಕೆ ಎದುರಿನ ಚಹಾದಂಗಡಿಗೆ ಹೋದೆವು. ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ. ಅವನ ಕೈಯೂ ನಡುಗುತ್ತಿತ್ತು. ಕಾಫಿ ತಂದ ಹುಡುಗಿ ಅವನ ಮುಖ ನೋಡಿ ಏನೋ ಕೇಳಿದಳು. ಅವನು ಏನೋ ಹೇಳಿದ. ಅವಳು ಬಟ್ಟಲಿಗೆ ಅರ್ಧ ಸುರಿದು, ಉಳಿದದ್ದನ್ನು ಜಗ್ಗಿನಲ್ಲಿ ಪಕ್ಕಕ್ಕೆ ಇಟ್ಟು ಹೋದಳು.

"ಏನಂತ ಕೇಳಿದ್ಲು ಆಕಿ?"

ಗುರುಪಾದಣ್ಣ ಬಾಯಲ್ಲಿದ್ದ ಬ್ರೆಡ್ಡು ನುಂಗಿ, ಜರ್ಮನ್ ತನಗೂ ಬಾರದು ಎಂಬುದನ್ನು ಮರೆತು ಹೇಳಿದ: "ಕೈ ನಡಗತಾವಲ್ಲ, ಅರ್ಧ ಹಾಕ್ಲೇನು ಅಂದ್ಲು. ಹೂಂ ಹಾಕು ಅಂದ. ಇಷ್ಟ."

ಅವನ ಮಾತು ಖರೆಯೋ ಸುಳ್ಳೋ, ನಡೆದದ್ದಂತೂ ಅಷ್ಟೇ. ನಾನು ಬೆರಗಾದೆ, ಜೊತೆಗೆ ಸಿಟ್ಟೂ ಬಂತು. ಎಂಥ ಒರಟು ಜನ! ಹಿರಿಯರ ಮುಖದ ಮೇಲೆ ಹಾಗೆ ಕೇಳುವುದೇ? ಒಂದಿಷ್ಟು ಸಂಸ್ಕಾರ ಇದ್ದಿದ್ದರೆ ಇಡೀ ಅಂಗಡಿಯ ಗಿರಾಕಿಗಳಿಗೆಲ್ಲ ಅರ್ಧ ಕಾಫಿ ಕೊಡುತ್ತಿದ್ದಳು. ಆ ಮುದುಕ ಮಾತ್ರ ಮರ್ಯಾದೆ ಹೋದವನಂತೆ ಕಾಣಲಿಲ್ಲ. ಪೇಪರು ಓದುತ್ತ, ಜಗ್ಗಿನಿಂದ ಮತ್ತಷ್ಟು ಹಾಕಿಸಿಕೊಂಡು ಆರಾಮಾಗಿ ಕುಡಿದ.

ಕಾರ್ಖಾನೆ

ಕಾರ್ಖಾನೆಯಲ್ಲಿ ನಮಗೆ ಗ್ರೈಂಡರ್ ತೋರಿಸಿದವಳು ಹಾನಾ ಎಂಬ ಎಂಜಿನಿಯರು. ತೋರಿಸುವ ಮೊದಲು ಆಕೆ ಉಕ್ಕಿನ ಮುಖದ ಬೂಟು ಹಾಕಿದಳು, ಚರ್ಮದ ಅಂಗಿ ತೊಟ್ಟಳು, ಕನ್ನಡಕ, ಅದರ ಮೇಲೆ ಗಾಜಿನ ಮುಖವಾಡ, ಕಿವಿಗೆ ಮುಚ್ಚಳ, ಕೈಗೆ ಗವಸು. ಇಷ್ಟು ಅಲಂಕಾರ ನಮ್ಮಲ್ಲಿ ಮದುಮಗಳಿಗೂ ಇಲ್ಲ. ಆಕೆ ತಯಾರಾಗುವಷ್ಟರಲ್ಲಿ ನಾವು ಒಂದು ಕಿಟಕಿ ಮಾಡಿ ಬಣ್ಣ ಬಳಿದಿರುತ್ತಿದ್ದೆವು.

ಆದರೆ ಯಂತ್ರ ಮಾತ್ರ ಒಪ್ಪುವಂಥದೇ. ಮೊಬೈಲನ್ನು ಅಡ್ಡ ಹಿಡಿದರೆ ಒಳಗಿನ ಚಿತ್ರವೂ ಅಡ್ಡವಾಗುತ್ತದಲ್ಲ, ಅಲುಗಾಟ ತಿಳಿಯುವ ಅಂಥದೇ ಒಂದು ಚೂರು ಈ ಗ್ರೈಂಡರಿನ ಹೊಟ್ಟೆಯಲ್ಲಿದೆ. ಅದನ್ನು ಸೆನ್ಸರ್ ಅನ್ನುತ್ತಾರೆ. ಆಕೆ ಬೇಕೆಂದೇ ಚಕ್ರವನ್ನು ಕಬ್ಬಿಣದಲ್ಲಿ ಓರೆಯಾಗಿ ಸಿಕ್ಕಿಸಿದಳು. ನಾವೆಲ್ಲ ಹಾರಿ ಹಿಂದೆ ಸರಿದೆವು, ಅಭ್ಯಾಸ. ಯಂತ್ರ ಒದೆಯಲು ಹೊರಟಿತು, ಒದೆಯುವ ಮೊದಲೇ ನಿಂತಿತು. ಕೈಯಿಂದ ಬೀಳಿಸಿದಳು, ನೆಲ ಮುಟ್ಟುವ ಮೊದಲೇ ನಿಂತಿತು. ನಾನು ಕೂಡ ಚಪ್ಪಾಳೆ ತಟ್ಟಿದೆ.

ನನ್ನ ಪಾಳಿ ಬಂತು. ಹಿಡಿದವನೇ ರೂಢಿಯಂತೆ ಗ್ರೈಂಡರನ್ನು ಎತ್ತಿ ಹಣೆಗೆ ಹಚ್ಚಿಕೊಂಡೆ. ಕೆಂಪು ದೀಪ. ಒತ್ತಿದರೆ ತಿರುಗದು. ಎತ್ತಿ ಹಣೆಗೆ ತಾಗಿಸಿದ್ದನ್ನು ಅದು ಅಪಘಾತ ಎಂದು ತಿಳಿದು ಬೀಗ ಹಾಕಿಕೊಂಡಿತ್ತು! ಹಾನಾ ಓಡಿ ಬಂದಳು. ಪೆಟ್ಟಾಯಿತೇ ಎಂದು ನನ್ನ ಹಣೆ ನೋಡಿದಳು. ನಮಸ್ಕಾರ ಮಾಡಿದ್ದು ಎಂದು ಗುರುಪಾದಣ್ಣ ವಿವರಿಸಿದ. ಯಾಕೆ ಎಂದಳು. ಕೈ ಕೊಯ್ಯದಿರಲಿ ಎಂದು. ಅದಕ್ಕೇ ಸೆನ್ಸರ್ ಇದೆಯಲ್ಲ ಎಂದಳು. ಸೆನ್ಸರ್ ಈಗ ಬಂತು, ದೇವರು ಮೊದಲಿನಿಂದ ಇದ್ದಾನೆ ಎಂದು ಗುರುಪಾದಣ್ಣ ನನ್ನನ್ನು ಕೇಳದೆಯೇ ಹೇಳಿಬಿಟ್ಟ. ಆಕೆ ನಗಲಿಲ್ಲ. ಸ್ವಲ್ಪ ಯೋಚಿಸಿ, ಬ್ಯಾಟರಿ ತೆಗೆದು, ಗ್ರೈಂಡರನ್ನು ತನ್ನ ಹಣೆಗೆ ಹಚ್ಚಿಕೊಂಡು, ಆಮೇಲೆ ಬ್ಯಾಟರಿ ಸಿಕ್ಕಿಸಿ ತೋರಿಸಿದಳು. ದೀಪ ಹಸಿರು. ಮೊದಲು ದೇವರು, ಆಮೇಲೆ ಬ್ಯಾಟರಿ. ಇಷ್ಟು ಸರಳವಾಗಿ ನಮ್ಮ ಕಡೆ ಯಾವ ಜಗಳವೂ ಬಗೆಹರಿದದ್ದು ನಾನು ಕಂಡಿಲ್ಲ.

ಕೊನೆಗೆ ಇನ್ನೂ ಅಂಗಡಿಗೆ ಬಾರದ ಒಂದು ಯಂತ್ರ ತಂದಳು. ಇದು ಕೈಯ ನಡುಕವನ್ನೂ ನೋಡುತ್ತದಂತೆ. ದಣಿದ ಕೈ, ಕುಡಿದ ಕೈ, ನಿದ್ದೆಗೆಟ್ಟ ಕೈ ಹಿಡಿದರೆ ಕೆಲವು ಸಲ ದೀಪ ಹಾಕಿ ಎಚ್ಚರಿಸುತ್ತದೆ, ಮೀರಿದರೆ ನಿಂತುಬಿಡುತ್ತದೆ. ಕೈ ನೋಡುತ್ತ ನಿಲ್ಲುವುದು, ನಡುಗಿದರೆ ಕರೆಂಟು ತೆಗೆಯುವುದು. ನಾನು ದಿನಾ ಸ್ವಿಚ್ ಬೋರ್ಡಿನ ಹತ್ತಿರ ನಿಂತು ಮಾಡುವುದು ಇದೇ. ಇಷ್ಟು ಜನ ಎಂಜಿನಿಯರು ಸೇರಿ ಇಷ್ಟು ದೊಡ್ಡ ಕಾರ್ಖಾನೆ ಕಟ್ಟಿ ತಯಾರಿಸಿದ್ದು ನನ್ನನ್ನೇ. ಒಂದೇ ವ್ಯತ್ಯಾಸ, ಇದು ಸುಳ್ಳು ಹೇಳುವುದಿಲ್ಲ.

"ವಯಸ್ಸಾದ ಉಸ್ತಾದ ಇದ್ದರ? ಕೈ ನಡಗತೈತಿ, ಆದ್ರ ಕೆಲಸ ಪಕ್ಕಾ ಬರತೈತಿ. ಅವರಿಗಿ ನಡೀತೈತೇನು ಕೇಳು," ಎಂದೆ ಗುರುಪಾದಣ್ಣನಿಗೆ.

ಹಾನಾ ಹೇಳಿದ್ದು ಇದು: ಅವರು ಯಾರೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸ್ವಲ್ಪ ನಡುಕವಿದ್ದರೆ ನಡೆಯುತ್ತದೆ, ಒದೆತದಿಂದ ಕಾಯುತ್ತದೆ. ಹೆಚ್ಚಿದ್ದರೆ ನಿಲ್ಲುತ್ತದೆ. ಎಷ್ಟು ಸ್ವಲ್ಪ, ಎಷ್ಟು ಹೆಚ್ಚು ಎಂಬುದು ಅವರೇ ಹಿಡಿದು ನೋಡಿದಾಗ ತಿಳಿಯುತ್ತದೆ.

"ಮಿತಿ ಸ್ವಲ್ಪ ಸಡಿಲ ಮಾಡಾಕ ಬರತೈತೇನು?"

ಬರುತ್ತದೆ, ಆದರೆ ಆಮೇಲೆ ಅವರ ಬೆರಳಿಗೆ ಯಾರು ಹೊಣೆ ಎಂದು ಕೇಳಿದಳು. ಮತ್ತೆ ಮುಖದ ಮೇಲೆ ಕೇಳುವ ಚಾಳಿ. ಊರಿನಲ್ಲಿ ಕೆಲಸಗಾರರ ಕೈಗೆ ಕೊಟ್ಟು ನೋಡಿ ಎಂದು ನಮಗೆಲ್ಲ ಒಂದೊಂದು ಅಂಥ ಯಂತ್ರ ಕೊಟ್ಟರು. ಚಾಚಾನ ನಡುಕ ಸ್ವಲ್ಪದ್ದೇ ಇರಲಿ ಎಂದು ದಾನಮ್ಮನಿಗೆ ಅಲ್ಲಿಂದಲೇ ಹರಕೆ ಹೊತ್ತೆ. ಜರ್ಮನಿಯಿಂದ ಗುಡ್ಡಾಪುರಕ್ಕೆ ಹರಕೆ ಮುಟ್ಟುತ್ತದೋ ಇಲ್ಲವೋ, ಅದಕ್ಕೆ ವೀಸಾ ಬೇಕೋ ಏನೋ.

ರವಿವಾರ

ರವಿವಾರ ಊರು ಸತ್ತಂತಿತ್ತು. ಆ ದಿನ ಯಾರೂ ಡ್ರಿಲ್ ಹೊಡೆಯುವಂತಿಲ್ಲ, ಗ್ರೈಂಡರ್ ಹಚ್ಚುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲವಂತೆ. ಹಚ್ಚಿದರೆ ಪಕ್ಕದ ಮನೆಯವನು ಪೊಲೀಸರನ್ನು ಕರೆಯುತ್ತಾನೆ. ನಮ್ಮಲ್ಲಿ ಅಮಾವಾಸ್ಯೆಗೆ ಯಂತ್ರ ಮುಟ್ಟುವುದಿಲ್ಲ, ಅರ್ಧ ಜತ್ತ ಗುಡ್ಡಾಪುರದ ದಾರಿಯಲ್ಲಿರುತ್ತದೆ. ನಮ್ಮದನ್ನು ಮೂಢನಂಬಿಕೆ ಅನ್ನುತ್ತಾರೆ, ಇವರದನ್ನು ಕಾಯಿದೆ ಅನ್ನುತ್ತಾರೆ. ಪಾಪ, ಇವರಿಗೆ ವಾರಕ್ಕೊಮ್ಮೆ ಅಮಾವಾಸ್ಯೆ.

ಮಾಡಲು ಕೆಲಸವಿಲ್ಲದೆ ನಾನೂ ಗುರುಪಾದಣ್ಣನೂ ಹೊಳೆಯ ದಂಡೆಯ ಬೆಂಚಿನ ಮೇಲೆ ಕೂತು ಅವನು ತಂದ ಶೇಂಗಾ ಹೋಳಿಗೆ ತಿಂದೆವು. ಚಾಚಾನ ಸಂಗತಿಯನ್ನೆಲ್ಲ ಹೇಳಿದೆ. ಅವನು ಕೇಳಿ, ಕೈಗಂಟಿದ ಪುಡಿ ಝಾಡಿಸಿ ಹೇಳಿದ:

"ಒಂದ ಮಾತ ತಿಳ್ಕೊ ತಮ್ಮ. ಈ ಮಶೀನ ಬ್ಯಾಟರಿ ಮ್ಯಾಲ ನಡೀತೈತಿ. ಇದಕ್ಕ ವೈರ ಇಲ್ಲ. ಇದು ನಿಂತ್ರ ಲೈಟ ಹೋತು ಅನ್ನಾಕ ಬರೂದಿಲ್ಲ."

ಉಳಿದ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿಟ್ಟೆ. ಅಷ್ಟು ದೂರ ಹೋಗಿ ಅಷ್ಟೆಲ್ಲ ಕಲಿತ ನನಗೆ ಇದೊಂದು ಹೊಳೆದಿರಲಿಲ್ಲ.

ಮತ್ತೆ ಜತ್ತ

ಚಾಚಾ ಹಬ್ಬದ ಅಂಗಿ ಹಾಕಿಕೊಂಡು ಬಂದಿದ್ದ. ತಿಕೋಂಡಿ ಊರಿನ ಗಿರಾಕಿಯೊಬ್ಬರ ಗೇಟಿನ ಪೈಪು ನೆಲದ ಮೇಲೆ ಕೊಯ್ಯಲು ಕಾದಿತ್ತು. ಅಂಗಡಿಯವರೆಲ್ಲ ಸುತ್ತ ನಿಂತರು. ಗೊತ್ತಿದ್ದ ಸಂಗತಿ ಗೊತ್ತಿಲ್ಲದಂತೆ ನಿಲ್ಲುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

"ಮೊದಲ ಹಣಿಗಿ ಹಚ್ಕೊಳ್ರಿ ಚಾಚಾ, ಆಮ್ಯಾಲ ಬ್ಯಾಟರಿ ಹಾಕತೀನಿ," ಎಂದೆ.

"ಅಲ್ಲೀ ಮಂದಿಗೂ ಇದು ಗೊತ್ತೈತೇನ?"

"ಈಗ ಗೊತ್ತಾಗೇತ್ರಿ."

ಬಿಸ್ಮಿಲ್ಲಾ ಅಂದು ಹಣೆಗೆ ಹಚ್ಚಿಕೊಂಡ. ಬ್ಯಾಟರಿ ಸಿಕ್ಕಿಸಿದೆ. ಹಸಿರು ದೀಪ. ಚಾಚಾ ಕುಕ್ಕರಗಾಲಲ್ಲಿ ಕೂತು ಪೈಪಿಗೆ ಚಕ್ರ ಮುಟ್ಟಿಸಿದ. ಕಿಡಿ ಹಾರಿತು. ಒಂದು ಕ್ಷಣ ಹಳೆಯ ಚಾಚಾನೇ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಕೆಂಪು ದೀಪ, ಯಂತ್ರ ನಿಂತಿತು. ಮತ್ತೆ ಒತ್ತಿದ, ಮತ್ತೆ ನಿಂತಿತು. ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಾಯಿತು. ಈ ಸಲ ಅದು ತಿರುಗಲೇ ಇಲ್ಲ.

ಚಾಚಾ ತಲೆ ಎತ್ತಿ ನನ್ನನ್ನು ನೋಡಿದ.

"ಲೈಟ ಹೋತೇನು?"

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಸುಳ್ಳು ನನ್ನ ನಾಲಗೆಯ ತುದಿಗೆ ಬಂದಿತ್ತು. ಮಾಲು ಖರಾಬೈತಿ, ಬ್ಯಾಟರಿ ಇಳದೈತಿ, ಇಲ್ಲಿ ಬಿಸಲಿಗಿ ತಾಳೂದಿಲ್ಲ. ಜರ್ಮನಿಯನ್ನು ಬೈದರೆ ಯಾರು ಕೇಳುತ್ತಿದ್ದರು? ಹಾಗೆಂದರೆ ನಾಳೆ ಚಾಚಾ ಹಳೆಯ ಗ್ರೈಂಡರ್ ಹಿಡಿಯುತ್ತಾನೆ. ಒಂದು ದಿನ ನಾನು ಬೋರ್ಡಿನ ಹತ್ತಿರ ಇರುವುದಿಲ್ಲ.

"ಇಲ್ರಿ ಚಾಚಾ. ನಿಮ್ಮ ಕೈ ನಡಗತೈತಿ. ಅದಕ್ಕ ನಿಂತೈತಿ."

ಹೇಳಿದೆ. ಹೇಳಿದ ಮೇಲೆ ನೆಲ ನೋಡಿದೆ. ಅಪ್ಪನಿಗೆ ಎದುರಾಡಿದಷ್ಟು ಸಂಕಟವಾಯಿತು.

ಚಾಚಾ ತನ್ನ ಕೈ ನೋಡಿಕೊಂಡ. ಆಮೇಲೆ ಕೇಳಿದ, "ನಿಮಗೆಲ್ಲಾ ಭಾಳ ದಿನದಿಂದ ಗೊತ್ತೈತಿ?"

"ಹೌದ್ರಿ."

"ಇದನ್ನ ಹೇಳಾಕ ಜರ್ಮನಿ ತನಕಾ ಹೋಗಿದ್ದೇನ ಮಗನ?"

ಚಾಚಾ ನಿಧಾನಕ್ಕೆ ಎದ್ದ. ಗ್ರೈಂಡರನ್ನು ನನ್ನ ಕೈಗೆ ಕೊಟ್ಟು, ತಾನು ಕೂತಿದ್ದ ಜಾಗ ತೋರಿಸಿದ. ಕೂತೆ. ಪೈಪಿನ ಮೇಲಿನ ಗೀಟು ಕಣ್ಣೀರಿನಲ್ಲಿ ಎರಡಾಗಿ ಕಾಣುತ್ತಿತ್ತು. ಒತ್ತಿದೆ. ಕೆಂಪು ದೀಪ ಹತ್ತಿ ಯಂತ್ರ ನಿಂತಿತು. ಈಗ ನಡುಗುತ್ತಿದ್ದದ್ದು ನನ್ನ ಕೈ.

ಚಾಚಾ ನನ್ನ ಪಕ್ಕದಲ್ಲಿ ಬಗ್ಗಿ ನಿಂತ.

"ಅಂಜಬ್ಯಾಡ. ಉಸರ ಬಿಟ್ಟ ಸಾವಕಾಶ ಹಚ್ಚು. ತಪ್ಪಿದ್ರ ನಾ ಹೇಳತೀನಿ. ನನಗ ಹೇಳಾಕ ಬರತೈತಿ."